ತಟ್ಟೆಯಂಚಿನ ಸೀಸ

ಗುರುಪುರದಾಚೆ, ಕಲ್ಲು ಕೊಯ್ದು ಮುಗಿದ ಕೋರೆಯ ತಳದಲ್ಲಿ
ಸಿಪ್ರಿಯನ್ ಮಾಸ್ಟ್ರು ಬಿಸ್ಕತ್ತಿನ ಡಬ್ಬಿ ತೆರೆದರು.
ಎಣ್ಣೆಬಟ್ಟೆ ಸುತ್ತಿದ ಉಕ್ಕಿನ ಗಿಡ್ಡ ಕೊಳವೆಗಳು,
ಹೆಬ್ಬೆರಳಿನಷ್ಟುದ್ದ, ಅಂಚಿನಲ್ಲಿ ಗೀರು.
"ಚೋಕ್ ಅಂದರೆ ಇಷ್ಟೇ ಮಾರಾಯ್ತಿ,
ಕೋವಿಯ ಕುತ್ತಿಗೆ ಎಷ್ಟು ಹಿಸುಕುವುದು ಅಂತ.
ಒಂದು ಗೀರಿದ್ದರೆ ಪೂರಾ ಬಿಗಿ. ನಾಲ್ಕಿದ್ದರೆ ಸಡಿಲ.
ಲೆಕ್ಕ ಉಲ್ಟಾ ಉಂಟು, ನೆನಪಿಟ್ಟುಕೊ."

ನಾನು ಒಂದು ಗೀರಿನದನ್ನೇ ಎತ್ತಿಕೊಂಡೆ.
ಬ್ಯಾಂಕಿನ ಕೌಂಟರಿನಲ್ಲಿ ಪೈಸೆ ಪೈಸೆ ತಾಳೆ ಹಾಕಿದ ಕೈ;
ಐವತ್ತೆರಡರಲ್ಲಿ ಕಲಿಯ ಹೊರಟವಳಿಗೆ
ಬಿಗಿಯಾದದ್ದೇ ಸರಿಯಾದದ್ದು ಅನ್ನಿಸಿತು.

ಅವರು ಅದನ್ನು ಮೆಲ್ಲಗೆ ಬಿಡಿಸಿಕೊಂಡರು.
"ಬೀಸುಬಲೆ ನೋಡಿದವಳಲ್ಲವಾ ನೀನು?
ಬಿಚ್ಚದೆ ಮುದ್ದೆಯಾಗಿ ಬಿದ್ದ ಬಲೆಗೆ ಎಂಥ ಮೀನು?
ನೆತ್ತಿಗೆ ಪೆಟ್ಟು ಬಿದ್ದ ಒಂದು ದುರದೃಷ್ಟದ ಮೀನು, ಅಷ್ಟೇ.
ಇಪ್ಪತ್ತು ಹೆಜ್ಜೆಯಲ್ಲಿ ಅಡ್ಡ ಹಾರುವ ಬಿಲ್ಲೆಗೆ
ಬಲೆ ಅರಳಬೇಕು. ನಾಲ್ಕು ಗೀರು ಹಾಕು.
ದೂರ ಓಡುವುದಕ್ಕೆ ಮೂರು, ಅದು ಮಳೆಗಾಲ ಕಳೆದ ಮೇಲಿನ ಮಾತು.
ಒಂದು ಗೀರಿನದು ಪದಕದವರಿಗೆ.
ಮತ್ತೆ ಜಂಬದವರಿಗೆ."

"ಹಕ್ಕಿಗೆ?" ಕೇಳಿದೆ, ಸುಮ್ಮನೆ.
"ಹಕ್ಕಿಗೆ ಈಗ ಜೈಲು," ಅಂದರು, ಡಬ್ಬಿ ಮುಚ್ಚುತ್ತಾ.

ಹಕ್ಕಿಗೆ ಯಾವುದೆಂದು ನನಗೆ ಗೊತ್ತಿತ್ತು.

ಕಾನೂನು ನಮ್ಮ ಗದ್ದೆಯವರೆಗೆ ನಡೆದು ಬರುವ ಮುಂಚೆ
ಪಪ್ಪನ ಜೋಡುನಳಿಗೆಗೆ ಗೀರೂ ಇಲ್ಲ, ತಿರುಪೂ ಇಲ್ಲ.
ಹುಟ್ಟುವಾಗಲೇ ಬಲದ್ದು ಸಡಿಲ, ಎಡದ್ದು ಬಿಗಿ.
ವರ್ಷಕ್ಕೆ ನಾಲ್ಕೈದು ಸಲ, ಬೆಳೆ ಕಾಯುವ ನೆಪದಲ್ಲಿ,
ಕೆಸರಂಚಿನ ಹುಂಡುಕೋಳಿ.

ಊಟದ ಹೊತ್ತಿಗೆ ನಾವು ಮಕ್ಕಳು ಜಗಿಯುವುದಲ್ಲ, ಹುಡುಕುವುದು.
ಹಲ್ಲಿಗೆ ಸಿಕ್ಕ ಸೀಸವನ್ನು ತಟ್ಟೆಯಂಚಿಗೆ ಉಗುಳಿದರೆ
ಟಿಣ್.
ಎಲ್ಲರದೂ ಸೇರಿ ಮೂರಾದರೆ ಬಲದ್ದು.
ಹನ್ನೊಂದಾದರೆ ಎಡದ್ದು: ಹತ್ತಿರದ ಹಕ್ಕಿಗೆ
ಆತುರದಲ್ಲಿ ತಪ್ಪು ಕೊಕ್ಕೆ ಎಳೆದಿದ್ದಾರೆ,
ಸಾರಿನಲ್ಲಿ ಮಾಂಸಕ್ಕಿಂತ ಎಲುಬಿನ ನುಚ್ಚೇ ಹೆಚ್ಚು.
ಮಾಂಯ್ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ,
ಕೊತ್ತಂಬರಿ ಜಾಸ್ತಿ ಹಾಕುತ್ತಿದ್ದಳು.

ಒಂದು ರಾತ್ರಿ ಟಿಣ್ ಇಲ್ಲ.
ಅಗಿದೆವು, ಹುಡುಕಿದೆವು, ಯಾರ ಬಾಯಲ್ಲೂ ಇಲ್ಲ.
ಪಪ್ಪ ಅನ್ನದ ಗುಡ್ಡೆಗೆ ಹೊಂಡ ತೋಡುತ್ತಲೇ ಇದ್ದರು.
ಅವರ ಅಂಗಿಯಲ್ಲಿ ಮದ್ದಿನ ವಾಸನೆ ಬೇಕಾದಷ್ಟಿತ್ತು;
ಕೋಳಿ ಮಾತ್ರ ಕೈಕಂಬದ ಸಂತೆಯ ಊರುಕೋಳಿ.
ಮಾಂಯ್ ಬಡಿಸಲು ಬಗ್ಗಿದಳು.
ಅವಳ ಮುಷ್ಟಿಯಿಂದ ಪಪ್ಪನ ತಟ್ಟೆಯಂಚಿಗೆ
ಟಿಣ್.
ಮತ್ತೆ ಟಿಣ್.
"ಬಲದ್ದು!" ತಮ್ಮ ಕೂಗಿದ.
ಹಳೆಯ ಸೀಸದ ಗುಳಿಗೆಗಳ ಡಬ್ಬಿ ಮಸಾಲೆ ಕಪಾಟಿನಲ್ಲಿತ್ತೆಂದು
ನನಗೆ ತಿಳಿದದ್ದು ಅವಳ ಬೊಜ್ಜದ ಮರುದಿನ.

ಬಿಲ್ಲೆ ಎಸೆಯುವವರು ಐತಪ್ಪಣ್ಣ. ಅವರೇ ಮಾಡುವುದೂ.
ಹೆಂಚಿನ ಫ್ಯಾಕ್ಟರಿಯಲ್ಲಿ ಮೂವತ್ತೊಂದು ವರ್ಷ
ಒಡೆಯಬಾರದ್ದನ್ನು ಸುಟ್ಟವರು.
ಈಗ ಅದೇ ಮಣ್ಣಿನಲ್ಲಿ ಒಡೆಯಲೆಂದೇ ಅರೆಬೆಂದ ತಟ್ಟೆ.
"ಇದೇ ಕಷ್ಟ ಅಕ್ಕ," ಅನ್ನುತ್ತಾರೆ,
"ನನ್ನ ಕೈಯಲ್ಲಿ ಒಡೆಯಬಾರದು. ನಿಮ್ಮ ಕೈಯಲ್ಲಿ ಉಳಿಯಬಾರದು."

ನಾಲ್ಕು ಗೀರಿನದನ್ನು ತಿರುಪಿದೆ.
ಮೊದಲ ಹನ್ನೆರಡು ಬಿಲ್ಲೆ ಕೋರೆಯ ಗೋಡೆ ದಾಟಿ
ಕುಂಟಾಲದ ಪೊದೆಯೊಳಗೆ ಕ್ಷೇಮವಾಗಿ ಇಳಿದವು.
ಭುಜ ನೆಲ್ಲಿಕಾಯಿಯಷ್ಟು ಊದಿತು.
ಹದಿಮೂರನೆಯದು, ಪುಡಿಯಾಗಲಿಲ್ಲ,
ಗಾಳಿಯಲ್ಲೊಮ್ಮೆ ಮುಗ್ಗರಿಸಿದ ಹಾಗಾಯಿತು.
"ತಾಗಿದೆಯಾ?"
"ತಾಗಿದ ಹಾಗೆ ಉಂಟು," ಐತಪ್ಪಣ್ಣನ ದಾಕ್ಷಿಣ್ಯ.

ಕೋವಿ ಬಿಚ್ಚಿಟ್ಟು, ಕೆಂಪು ಬಾವುಟ ಇಳಿದ ಮೇಲೆ
ಪೊದೆಯಲ್ಲಿ ಕೈಯಾಡಿಸಿ ಹುಡುಕಿದೆ.
ಅಂಚು ಹಾರಿದ ಒಂದು ಬಿಲ್ಲೆ,
ಅರೆಬೆಂದ ಮಣ್ಣಲ್ಲಿ ಎರಡು ಕಪ್ಪು ಚುಕ್ಕೆ.
ಕೂದಲಿನ ಪಿನ್ನಿನಿಂದ ಒಂದನ್ನು ಮೀಟಿ ತೆಗೆದು
ಬಿಸ್ಕತ್ತಿನ ಡಬ್ಬಿಯ ಮುಚ್ಚಳದ ಮೇಲೆ ಬಿಟ್ಟೆ.

ಸಿಪ್ರಿಯನ್ ಮಾಸ್ಟ್ರು ಚೀಟಿಯಿಂದ ತಲೆಯೆತ್ತಿದರು.
"ಎಂಥದು?"
"ಬಲದ್ದು," ಅಂದೆ.
ಅವರದ್ದು ಒಂಟಿನಳಿಗೆ. ಅರ್ಥವಾಗಲಿಲ್ಲ ಅವರಿಗೆ.